ಎಂಟು ತಂಡ, ಏಳು ಸುತ್ತು: ಜಿಲ್ಲಾ ಫುಟ್‌ಬಾಲ್ ಲೀಗನ್ನು ಲೆಕ್ಕ ಹಾಕಿ ಕಟ್ಟುವುದು

ಲೀಗ್‌ಗೆ ಎಷ್ಟು ತಂಡ ಸೇರಿಸಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಸಭೆಗಳು ಒಂದೇ ದಾರಿ ಹಿಡಿಯುತ್ತವೆ. ಕೇಳಿದವರಿಗೆಲ್ಲ ಅವಕಾಶ ಕೊಡೋಣ, ಯಾರಿಗೂ ಬೇಜಾರು ಬೇಡ. 16 ಅರ್ಜಿ ಬಂದರೆ 16 ತಂಡ, 11 ಬಂದರೆ 11. ಜನವರಿ ಹೊತ್ತಿಗೆ ವಾಕ್‌ಓವರ್ ಶುರು. ಸೆಮಿಫೈನಲ್ ಆಸೆ ಕಳೆದುಕೊಂಡ ತಂಡ ಒಂಬತ್ತು ಜನರನ್ನು ಕರೆತರುತ್ತದೆ, ಮುಂದಿನ ವಾರ ಆರು ಜನ. ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ನಿಯಮದ ಪ್ರಕಾರ ಪಂದ್ಯ ಶುರು ಮಾಡುವಂತೆಯೇ ಇಲ್ಲ. ಎದುರಾಳಿಗೆ 3–0 ಬರೆದುಕೊಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಹಾಗೆ ಪುಕ್ಕಟೆ ಬಂದ ಮೂರು ಅಂಕದಿಂದ ಇನ್ನೊಬ್ಬರ ಸ್ಥಾನ ಹೋಗುತ್ತದೆ, ಅಲ್ಲಿಂದ ಜಗಳ.

ಇದಕ್ಕೆ ಆಟಗಾರರ ಶಿಸ್ತನ್ನು ದೂರುವುದು ಸುಲಭ. ನನ್ನ ಪ್ರಕಾರ ತಪ್ಪಿರುವುದು ಲೀಗಿನ ವಿನ್ಯಾಸದಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಜಿಲ್ಲೆಗಳಲ್ಲಿ ಲೀಗ್ ಕಟ್ಟುವವರು ಒಂದೇ ಒಂದು ಅಳತೆಗೋಲು ಇಟ್ಟುಕೊಂಡರೆ ಸಾಕು: ಕೊನೆಯ ಸುತ್ತಿನವರೆಗೆ ಎಷ್ಟು ತಂಡಗಳಿಗೆ ಗ್ರೌಂಡಿಗೆ ಬರಲು ಕಾರಣ ಉಳಿದಿರುತ್ತದೆ? ತಂಡಗಳ ಸಂಖ್ಯೆ, ಗುಂಪು, ಪ್ಲೇಆಫ್ (ಲೀಗ್ ಮುಗಿದ ಮೇಲೆ ಮೇಲಿನ ತಂಡಗಳು ಪ್ರಶಸ್ತಿಗಾಗಿ ಆಡುವ ಪಂದ್ಯಗಳು), ಎಲ್ಲವನ್ನೂ ಇದರ ಮೇಲೆ ಇಟ್ಟು ನೋಡಬೇಕು.

ಮೊದಲು ಗ್ರೌಂಡ್ ಎಣಿಸಿ

ಎಲ್ಲ ತಂಡಗಳೂ ಒಮ್ಮೆ ಒಬ್ಬರನ್ನೊಬ್ಬರು ಎದುರಿಸುವ ಲೀಗಿನಲ್ಲಿ ಪಂದ್ಯಗಳ ಲೆಕ್ಕ ಹೀಗೆ: ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿ. 6 ತಂಡಕ್ಕೆ 15 ಪಂದ್ಯ, 8ಕ್ಕೆ 28, 10ಕ್ಕೆ 45, 12ಕ್ಕೆ 66, 16ಕ್ಕೆ 120. ತಂಡ ಎರಡು ಪಟ್ಟಾದರೆ ಪಂದ್ಯ ನಾಲ್ಕು ಪಟ್ಟು ದಾಟುತ್ತದೆ. ಸಭೆಯಲ್ಲಿ "ಇನ್ನೆರಡು ತಂಡ ಸೇರಿಸಿಕೊಂಡರೆ ಏನಾಯ್ತು" ಎನ್ನುವವರಿಗೆ ಈ ಏರಿಕೆ ಕಣ್ಣಿಗೆ ಬಿದ್ದಿರುವುದಿಲ್ಲ. 8ರಿಂದ 10ಕ್ಕೆ ಹೋದರೆ 17 ಪಂದ್ಯ ಹೆಚ್ಚು. ಅಂದರೆ 17 ಸಲ ಸುಣ್ಣದ ಗೆರೆ, 17 ಸಲ ರೆಫ್ರಿ, ಇಬ್ಬರು ಲೈನ್ಸ್‌ಮನ್, ಒಬ್ಬ ಫೋರ್ತ್ ಅಫಿಶಿಯಲ್.

ಹಣಕ್ಕೆ ಕೊರತೆಯಿಲ್ಲದ ಲೀಗುಗಳೂ ಈ ಲೆಕ್ಕಕ್ಕೆ ತಲೆಬಾಗಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992–93ರಲ್ಲಿ 22 ತಂಡಗಳಿಂದ ಶುರುವಾಯಿತು, ಸೀಸನ್‌ಗೆ 462 ಪಂದ್ಯ. 1994–95ರ ಕೊನೆಗೆ ನಾಲ್ಕು ತಂಡಗಳನ್ನು ಕೆಳಗಿಳಿಸಿ ಎರಡನ್ನು ಮಾತ್ರ ಮೇಲೆ ತಂದು 20ಕ್ಕೆ ನಿಲ್ಲಿಸಿದರು, ಪಂದ್ಯ 380ಕ್ಕೆ ಇಳಿಯಿತು. ಫ್ರಾನ್ಸಿನ ಲೀಗ್ 2023–24ರಿಂದ 18 ತಂಡಕ್ಕೆ ಇಳಿದು 306 ಪಂದ್ಯ ಆಡುತ್ತಿದೆ. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಅಂತೂ 2026ರ ಫೆಬ್ರುವರಿಯಲ್ಲಿ ತಡವಾಗಿ ಶುರುವಾಗಿದ್ದರಿಂದ 14 ತಂಡಗಳಿಗೆ ಒಂದೇ ಸುತ್ತು, 91 ಪಂದ್ಯ ಎಂದು ನಿಗದಿಯಾಯಿತು. ಕ್ಯಾಲೆಂಡರಿನಲ್ಲಿ ಇಲ್ಲದ ದಿನವನ್ನು ಯಾರೂ ಹುಟ್ಟಿಸಲಾರರು.

ಈಗ ಕೋಲಾರದ ಲೆಕ್ಕ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಮಳೆ ಹೆಚ್ಚು ಬೀಳುವ ತಿಂಗಳುಗಳು. ಹುಲ್ಲಿಲ್ಲದ ಕೆಮ್ಮಣ್ಣಿನ ಗ್ರೌಂಡು ಒಮ್ಮೆ ನೆನೆದು, ಅದರ ಮೇಲೆ ಆಡಿ, ಆಮೇಲೆ ಒಣಗಿತೆಂದರೆ ಬೂಟಿನ ಗುಂಡಿಗಳೆಲ್ಲ ಹಾಗೇ ಗಟ್ಟಿಯಾಗಿ ಕಾಲು ಹೊರಳುತ್ತದೆ. ಮಾರ್ಚ್ ಬಂದರೆ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಅರ್ಧ ತಂಡ ಖಾಲಿ. ಹಾಗಾಗಿ ನವೆಂಬರ್ ಕೊನೆಯ ವಾರಾಂತ್ಯದಿಂದ ಫೆಬ್ರುವರಿ ಕೊನೆಯವರೆಗೆ ಸಿಗುವುದು ಸುಮಾರು 14 ವಾರಾಂತ್ಯ. ಸಂಕ್ರಾಂತಿಯದ್ದು ಒಂದು ಕಳೆಯಿರಿ. ಜನವರಿ 26ರ ಪರೇಡಿಗೆ ಜಿಲ್ಲಾ ಕ್ರೀಡಾಂಗಣದಲ್ಲಿ ತಾಲೀಮು, ಪೆಂಡಾಲು ನಡೆಯುವುದರಿಂದ ಇನ್ನೊಂದು ಹೋಯಿತು. ಶಾಲಾ ಕಾಲೇಜಿನ ಅಥ್ಲೆಟಿಕ್ಸೋ, ಇಲಾಖೆಯ ಕಾರ್ಯಕ್ರಮವೋ ಮತ್ತೊಂದನ್ನು ತಿನ್ನುತ್ತದೆ. ಉಳಿದದ್ದು 11.

ವಾರಾಂತ್ಯ ಅಂದರೆ ಎರಡು ಪೂರ್ತಿ ದಿನ ಎಂದುಕೊಂಡರೆ ಕೆಟ್ಟಿರಿ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಶನಿವಾರ ಶಿಫ್ಟ್ ಇರುತ್ತದೆ. ತುಮಕೂರಿನಲ್ಲಿ ವಸಂತನರಸಾಪುರದ ಕಥೆಯೂ ಇದೇ. ಶನಿವಾರ ಮಧ್ಯಾಹ್ನ 3:30ಕ್ಕೆ ಒಂದು ಪಂದ್ಯ, ಭಾನುವಾರ ಬೆಳಿಗ್ಗೆ 7:15, 9:30, ಮಧ್ಯಾಹ್ನ 3:30ಕ್ಕೆ ಮೂರು. ಇದಕ್ಕಿಂತ ಹೆಚ್ಚು ತುರುಕಿದರೆ ಗ್ರೌಂಡೂ ತಡೆಯುವುದಿಲ್ಲ, ರೆಫ್ರಿಗಳೂ ತಡೆಯುವುದಿಲ್ಲ. ವಾರಕ್ಕೆ 4, ಒಟ್ಟು 44 ಸ್ಲಾಟ್. ಇದರಲ್ಲಿ 10 ಸ್ಲಾಟನ್ನು ಮುಟ್ಟಬಾರದು. ಚೆನ್ನೈ ಕಡೆ ವಾಯುಭಾರ ಕುಸಿದರೆ ಡಿಸೆಂಬರಿನಲ್ಲೂ ಕೋಲಾರದಲ್ಲಿ ಎರಡು ದಿನ ಜಿಟಿಜಿಟಿ ಹಿಡಿಯುತ್ತದೆ, ಮುಂದೂಡಿದ ಪಂದ್ಯಕ್ಕೆ ಜಾಗ ಬೇಕು. ಹಾಗಾಗಿ ಸೀಸನ್ ಕಟ್ಟಲು ನಮ್ಮ ಕೈಯಲ್ಲಿರುವುದು 34 ಪಂದ್ಯ.

34 ಪಂದ್ಯದಲ್ಲಿ ನಾಲ್ಕು ಬಗೆಯ ಸೀಸನ್

16 ತಂಡ, ನಾಲ್ಕರ ನಾಲ್ಕು ಗುಂಪು: ಗುಂಪಿಗೆ 6ರಂತೆ 24, ಮೇಲೆ ಕ್ವಾರ್ಟರ್‌ಫೈನಲ್ 4, ಸೆಮಿಫೈನಲ್ 2, ಫೈನಲ್ 1, ಒಟ್ಟು 31. ಹೊಂದುತ್ತದೆ. ಆದರೆ ಎಂಟು ತಂಡಗಳು ಮೂರೇ ಪಂದ್ಯ ಆಡಿ ಮನೆಗೆ. ಮೊದಲ ಎರಡು ಸೋತವರ ಮೂರನೆಯ ಪಂದ್ಯಕ್ಕೆ ಬಹುಪಾಲು ಬೆಲೆಯೇ ಇಲ್ಲ. ಇಂಥ ಪಂದ್ಯಗಳೇ ವಾಕ್‌ಓವರ್ ಆಗುವುದು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್ ಟೆಂಪೋ ಮಾಡಿಕೊಂಡು ಬರುವ ತಂಡಕ್ಕೆ ಬೆಲೆಯಿಲ್ಲದ ಮೂರನೆಯ ಪಂದ್ಯಕ್ಕೆ ಬನ್ನಿ ಎನ್ನಲು ಯಾವ ಬಾಯಿ ಇದೆ?

12 ತಂಡ, ಆರರ ಎರಡು ಗುಂಪು: 15 ಮತ್ತು 15, ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 33. ಎಲ್ಲರಿಗೂ ಕನಿಷ್ಠ 5 ಪಂದ್ಯ. ಇದು ಮರ್ಯಾದಸ್ಥ ರಚನೆ. ಎರಡು ಗುಂಪಿನ ಬಲ ಸಮ ಇಲ್ಲದಿದ್ದರೆ ಮಾತ್ರ ಕಷ್ಟ. ಕೆಜಿಎಫ್ ಕಡೆಯ ಬಲವಾದ ತಂಡಗಳೆಲ್ಲ ಒಂದೇ ಗುಂಪಿಗೆ ಬಿದ್ದರೆ ಮೂರನೆಯ ಬಲಿಷ್ಠ ತಂಡ ಹೊರಗುಳಿಯುತ್ತದೆ. ಹಿಂದಿನ ವರ್ಷದ ಸ್ಥಾನ ನೋಡಿ 1, 4, 5, 8, 9, 12 ಒಂದು ಕಡೆ, 2, 3, 6, 7, 10, 11 ಇನ್ನೊಂದು ಕಡೆ ಹಾಕಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಚೀಟಿ ಎತ್ತುವುದು ನೋಡಲು ನ್ಯಾಯ, ಫಲದಲ್ಲಿ ಅಲ್ಲ.

ಮೂರರ ಗುಂಪಿನ ಆಲೋಚನೆಯನ್ನಂತೂ ಬಿಟ್ಟೇಬಿಡಿ. ಕೊನೆಯ ಪಂದ್ಯದಲ್ಲಿ ಒಂದು ತಂಡ ಸುಮ್ಮನೆ ಕೂತಿರುತ್ತದೆ, ಆಡುವ ಇಬ್ಬರಿಗೂ ಯಾವ ಫಲಿತಾಂಶ ಬಂದರೆ ಇಬ್ಬರೂ ಪಾರು ಎಂದು ಗೊತ್ತಿರುತ್ತದೆ. 2026ರ ವಿಶ್ವಕಪ್‌ಗೆ 48 ತಂಡಗಳನ್ನು ಮೂರರ 16 ಗುಂಪು ಮಾಡಬೇಕೆಂದಿದ್ದ ಫಿಫಾ ಕೂಡ 2023ರ ಮಾರ್ಚಿನಲ್ಲಿ ಮನಸ್ಸು ಬದಲಿಸಿ ನಾಲ್ಕರ 12 ಗುಂಪಿಗೆ ಬಂತು, ಪಂದ್ಯ 104ಕ್ಕೆ ಏರಿದರೂ ಸರಿ ಎಂದು.

6 ತಂಡ, ಎರಡು ಸುತ್ತು: 30 ಪಂದ್ಯ, ಪ್ಲೇಆಫ್ 4, ಸರಿಯಾಗಿ 34. ತಂಡಕ್ಕೆ 10 ಪಂದ್ಯ. ಆಟದ ಗುಣಮಟ್ಟಕ್ಕೆ ಇದು ಒಳ್ಳೆಯದು, ಆದರೆ ಜಿಲ್ಲೆಯ ಆರೇ ತಂಡಕ್ಕೆ ಬಾಗಿಲು ತೆರೆದಂತಾಯಿತು. ಇನ್ನೊಂದು ವಿಷಯವಿದೆ. ದೊಡ್ಡ ಲೀಗುಗಳಲ್ಲಿ ಎರಡು ಸುತ್ತು ಇಡುವುದು ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿಸಿ ಲಾಭವನ್ನು ಸಮ ಮಾಡಲು. ಎಲ್ಲ ಪಂದ್ಯವೂ ಒಂದೇ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುವಾಗ ತವರೂ ಇಲ್ಲ, ಹೊರಗೂ ಇಲ್ಲ. ನ್ಯಾಯದ ದೃಷ್ಟಿಯಿಂದ ಎರಡನೆಯ ಸುತ್ತಿನ ಅಗತ್ಯ ನಮಗಿಲ್ಲ.

8 ತಂಡ, ಒಂದು ಸುತ್ತು: 28, ಪ್ಲೇಆಫ್ 4, ಒಟ್ಟು 32. ಎಲ್ಲರಿಗೂ 7 ಪಂದ್ಯ, ಎಲ್ಲರೂ ಎಲ್ಲರ ಜೊತೆ. ಒಂದು ಸುತ್ತಿಗೆ ನಾಲ್ಕು ಪಂದ್ಯ, ನಮಗೆ ವಾರಕ್ಕೆ ನಾಲ್ಕೇ ಸ್ಲಾಟ್. ಒಂದು ವಾರಾಂತ್ಯ, ಒಂದು ಸುತ್ತು. ಅಂಕಪಟ್ಟಿ ಪ್ರತಿ ಭಾನುವಾರ ಸಂಜೆ ಎಲ್ಲರಿಗೂ ಸಮ ಪಂದ್ಯಗಳೊಂದಿಗೆ ನಿಂತಿರುತ್ತದೆ. ಯಾರು ಎಷ್ಟು ಪಂದ್ಯ ಬಾಕಿ ಇಟ್ಟುಕೊಂಡಿದ್ದಾರೆ ಎಂಬ ಗೊಂದಲ ಇರುವುದಿಲ್ಲ. ನನ್ನ ಆಯ್ಕೆ ಇದೇ.

ಉಳಿದ ತಂಡಗಳ ಪಾಡು? ಬಿ ಡಿವಿಷನ್. ಆರು ತಂಡ, 15 ಪಂದ್ಯ, ಬೇರೆ ಗ್ರೌಂಡು: ಬಂಗಾರಪೇಟೆಯಲ್ಲೋ ಕೆಜಿಎಫ್‌ನಲ್ಲೋ. ಎ ಡಿವಿಷನ್ನಿನ ಎಂಟನೆಯ ತಂಡ ನೇರವಾಗಿ ಕೆಳಕ್ಕೆ, ಬಿ ವಿಜೇತರು ಮೇಲಕ್ಕೆ, ಏಳನೆಯ ತಂಡ ಮತ್ತು ಬಿ ರನ್ನರ್‌ಅಪ್ ನಡುವೆ ಒಂದು ನಿರ್ಣಾಯಕ ಪಂದ್ಯ. ಜರ್ಮನಿಯ ಬುಂಡೆಸ್‌ಲೀಗಾದಲ್ಲಿ 16ನೇ ಸ್ಥಾನದವರು ಕೆಳಗಿನ ಡಿವಿಷನ್ನಿನ ಮೂರನೆಯವರ ಜೊತೆ ಆಡುವುದು ಈ ಲೆಕ್ಕದಲ್ಲೇ. ಇದರಿಂದ ಪಟ್ಟಿಯ ಕೆಳಗಿನ ಮೂರು ನಾಲ್ಕು ತಂಡಗಳಿಗೆ ಕೊನೆಯವರೆಗೂ ಭಯ ಇರುತ್ತದೆ. ಭಯ ಇದ್ದಲ್ಲಿ ವಾಕ್‌ಓವರ್ ಇರುವುದಿಲ್ಲ.

ಬೆಸ ಸಂಖ್ಯೆ ಬೇಡ. 7 ತಂಡಕ್ಕೂ 7 ಸುತ್ತೇ ಬೇಕು, ಪ್ರತಿ ಸುತ್ತಿನಲ್ಲಿ ಒಬ್ಬರಿಗೆ ಬೈ, ಅಂದರೆ ಪಂದ್ಯವಿಲ್ಲ. ಕೊನೆಯ ಸುತ್ತಿನಲ್ಲಿ ಬೈ ಬಿದ್ದವರು ಬೇರೆಯವರ ಕೈಯಲ್ಲಿ ತಮ್ಮ ಹಣೆಬರಹ ಬಿಟ್ಟು ಗ್ಯಾಲರಿಯಲ್ಲಿ ಕೂರಬೇಕು. ಐಎಸ್‌ಎಲ್ 11 ತಂಡಗಳಿಂದಲೂ 13 ತಂಡಗಳಿಂದಲೂ ನಡೆದಿದೆ, ಅಲ್ಲೂ ಈ ತೊಡಕು ಇದ್ದೇ ಇತ್ತು.

ಫಿಕ್ಸ್ಚರ್ ಬರೆಯುವ ಕ್ರಮ

ಎಂಟು ತಂಡಕ್ಕೆ ಹಿಂದಿನ ವರ್ಷದ ಸ್ಥಾನದಂತೆ 1ರಿಂದ 8 ನಂಬರ್ ಕೊಡಿ. ಮೇಲಿನ ಸಾಲಿನಲ್ಲಿ 1, 2, 3, 4, ಕೆಳಗಿನ ಸಾಲಿನಲ್ಲಿ 8, 7, 6, 5 ಬರೆಯಿರಿ. ಎದುರುಬದುರು ಇರುವವರು ಆಡುತ್ತಾರೆ. ಮುಂದಿನ ಸುತ್ತಿಗೆ 1ನ್ನು ಕದಲಿಸದೆ ಉಳಿದ ಏಳನ್ನೂ ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಸಿ. ಸಿಗುವುದು ಹೀಗೆ:

1ನೇ ಸುತ್ತು: 1–8, 2–7, 3–6, 4–5
2ನೇ ಸುತ್ತು: 1–7, 8–6, 2–5, 3–4
3ನೇ ಸುತ್ತು: 1–6, 7–5, 8–4, 2–3
4ನೇ ಸುತ್ತು: 1–5, 6–4, 7–3, 8–2
5ನೇ ಸುತ್ತು: 1–4, 5–3, 6–2, 7–8
6ನೇ ಸುತ್ತು: 1–3, 4–2, 5–8, 6–7
7ನೇ ಸುತ್ತು: 1–2, 3–8, 4–7, 5–6

ಬಹಳ ಜನ ಇದನ್ನು ಹೀಗೇ ಬಳಸಿಬಿಡುತ್ತಾರೆ. ಕೊನೆಯ ಸುತ್ತಿನಲ್ಲಿ 1–2 ಬಂತಲ್ಲ, ಚೆನ್ನಾಗಿದೆ ಎಂದು ಖುಷಿ. ಪಕ್ಕದ 3–8, 4–7 ನೋಡಿ. ಪ್ಲೇಆಫ್ ಜಾಗಕ್ಕೆ ಒದ್ದಾಡುತ್ತಿರುವ ತಂಡವೊಂದು ಆಸೆ ಬಿಟ್ಟ ತಂಡವನ್ನು ಎದುರಿಸುವ ಸಾಧ್ಯತೆ ಇಲ್ಲೇ ಹೆಚ್ಚು. ಆ ತಂಡ ಬರದೇ ಹೋದರೆ ಮೂರು ಅಂಕ, ಮೂರು ಗೋಲು ಪುಕ್ಕಟೆ. 6ನೇ ಸುತ್ತನ್ನು ನೋಡಿ: 1–3, 4–2, 5–8, 6–7. ಮೇಲಿನ ನಾಲ್ವರು ತಮ್ಮೊಳಗೆ, ಕೆಳಗಿನ ನಾಲ್ವರು ತಮ್ಮೊಳಗೆ. ಪ್ಲೇಆಫ್‌ಗಾಗಿ ಹೋರಾಟ ಒಂದು ಕಡೆ, ಉಳಿಯುವ ಹೋರಾಟ ಇನ್ನೊಂದು ಕಡೆ. 6 ಮತ್ತು 7ನೇ ಸುತ್ತನ್ನು ಅದಲುಬದಲು ಮಾಡಿ, 6ನ್ನು ಕೊನೆಗೆ ಇಡಿ. ಈ ವರ್ಷದ ಬಲಾಬಲ ಹಿಂದಿನ ವರ್ಷದಂತೆಯೇ ಇರುತ್ತದೆ ಎಂದು ಖಾತರಿಯಿಲ್ಲ, ಆದರೂ ಅಪಾಯ ಗಣನೀಯವಾಗಿ ತಗ್ಗುತ್ತದೆ. ಸುತ್ತುಗಳ ಕ್ರಮ ಬದಲಿಸಿದರೆ ಯಾವ ಜೋಡಿಯೂ ಕೆಡುವುದಿಲ್ಲ, ಎಲ್ಲರೂ ಎಲ್ಲರ ಜೊತೆ ಆಡಿಯೇ ಆಡುತ್ತಾರೆ.

ತವರು–ಹೊರಗು ಇಲ್ಲದ ಲೀಗಿನಲ್ಲಿ ಅನ್ಯಾಯ ನುಸುಳುವುದು ಸಮಯದಲ್ಲಿ. ಶನಿವಾರ 3:30 ಅಂದರೆ ಕಾರ್ಖಾನೆ ಹುಡುಗರಿರುವ ತಂಡಕ್ಕೆ ಇಬ್ಬರು ಮೂವರು ಕಡಿಮೆ. ಭಾನುವಾರ 9:30ರದ್ದು ಬಿಸಿಲೇರುವ ಪಂದ್ಯ, ಫೆಬ್ರುವರಿಯಲ್ಲಿ ಎರಡನೆಯ ಅರ್ಧ ನಿಜಕ್ಕೂ ಕಷ್ಟ. 7:15ರ ಪಂದ್ಯಕ್ಕೆ ಮುಳಬಾಗಿಲು, ಶ್ರೀನಿವಾಸಪುರದವರು ಕತ್ತಲಲ್ಲೇ ಹೊರಡಬೇಕು. ಆದ್ದರಿಂದ ಫಿಕ್ಸ್ಚರ್ ಪಕ್ಕದಲ್ಲೇ ಸ್ಲಾಟ್ ಪಟ್ಟಿ ಮಾಡಿ. ಏಳು ಶನಿವಾರಕ್ಕೆ 7 ಪಂದ್ಯ, ಅಂದರೆ 14 ತಂಡ–ಸರದಿ. ಎಂಟು ತಂಡಕ್ಕೆ ಹಂಚಿದರೆ ಆರು ತಂಡಕ್ಕೆ ಎರಡೆರಡು ಸಲ, ಎರಡು ತಂಡಕ್ಕೆ ಒಂದೊಂದು ಸಲ. 9:30ಕ್ಕೂ ಇದೇ ಲೆಕ್ಕ. ಶನಿವಾರ ಒಂದೇ ಸಲ ಬಂದವರಿಗೆ 9:30 ಎರಡು ಸಲ ಬರಲಿ. ಯಾರಿಗೂ ಮೂರನೆಯ ಸಲ ಬರಬಾರದು. ಇದನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಮಾಡಲು ಒಂದು ಸಂಜೆ ಸಾಕು. ಆ ಸಂಜೆ ಉಳಿಸಲು ಹೋದರೆ ಇಡೀ ಸೀಸನ್ ಫೋನಿನಲ್ಲಿ ವಾದ ಮಾಡಬೇಕಾಗುತ್ತದೆ.

ಕೊನೆಯ ಸುತ್ತಿನ ಸ್ಲಾಟುಗಳನ್ನು ಮಾತ್ರ ಮೊದಲೇ ಹಂಚಬೇಡಿ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಪಂದ್ಯಗಳನ್ನೆಲ್ಲ ಆಡಿ ಮುಗಿಸಿದ ಮಾರನೆಯ ದಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಆಡಿದವು. 1–0 ಆದರೆ ಇಬ್ಬರೂ ಪಾರು ಎಂದು ಗೊತ್ತಿತ್ತು. ಮೊದಲ ಗೋಲಿನ ನಂತರ ಚೆಂಡು ಸುಮ್ಮನೆ ಅತ್ತಿತ್ತ ಓಡಾಡಿತು, 1–0ಯೇ ಆಯಿತು, ಅಲ್ಜೀರಿಯಾ ಹೊರಬಿತ್ತು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ. ನಮಗೆ ಗ್ರೌಂಡು ಒಂದೇ. ಹಾಗಾಗಿ ಆರು ಸುತ್ತು ಮುಗಿದ ರಾತ್ರಿ ಅಂಕಪಟ್ಟಿ ನೋಡಿ, ನಾಲ್ಕನೆಯ ಸ್ಥಾನಕ್ಕೆ ನೇರ ಸಂಬಂಧವಿರುವ ಎರಡು ಪಂದ್ಯಗಳನ್ನು ಭಾನುವಾರ 3:30ಕ್ಕೆ ಎರಡು ಗ್ರೌಂಡಿನಲ್ಲಿ ಒಟ್ಟಿಗೆ ಆಡಿಸಿ. ಒಂದು ಕಾಲೇಜು ಗ್ರೌಂಡನ್ನು ಆ ಒಂದು ದಿನಕ್ಕಾದರೂ ಮೊದಲೇ ಪತ್ರ ಬರೆದು ಹಿಡಿದಿಡಿ. ಸಿಗದೇ ಹೋದರೆ ಪಟ್ಟಿಯಲ್ಲಿ ಮೇಲಿರುವ ತಂಡಕ್ಕೆ ತಡವಾದ ಸ್ಲಾಟ್ ಕೊಡಿ. ಎಷ್ಟು ಬೇಕು ಎಂದು ತಿಳಿದು ಆಡುವ ಅನುಕೂಲ ಆರು ವಾರ ಚೆನ್ನಾಗಿ ಆಡಿದವರಿಗೆ ಸಲ್ಲಲಿ.

ಪ್ಲೇಆಫ್‌ಗೆ ಎಷ್ಟು ಜನ, ಯಾವ ದಾರಿಯಲ್ಲಿ

ಐಎಸ್‌ಎಲ್‌ನ ಮೊದಲ ಸೀಸನ್, 2014. ಎಂಟು ತಂಡ, ತಲಾ 14 ಪಂದ್ಯ, ಮೇಲಿನ ನಾಲ್ವರು ಸೆಮಿಫೈನಲ್‌ಗೆ. ಮೊದಲ ಸ್ಥಾನ ಚೆನ್ನೈಯಿನ್, ಎರಡನೆಯದು ಗೋವಾ. ಫೈನಲ್ ಆಡಿದ್ದು ಮೂರನೆಯ ಕೋಲ್ಕತ್ತ ಮತ್ತು ನಾಲ್ಕನೆಯ ಕೇರಳ. 2017–18ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ 18 ಪಂದ್ಯದಲ್ಲಿ 40 ಅಂಕ ಗಳಿಸಿ ಎರಡನೆಯವರಿಗಿಂತ 8 ಅಂಕ ಮುಂದಿತ್ತು. ಆ ಎರಡನೆಯವರೇ ಆದ ಚೆನ್ನೈಯಿನ್ ಎದುರು ಕಂಠೀರವದಲ್ಲೇ ಫೈನಲ್ 2–3ರಲ್ಲಿ ಹೋಯಿತು. ನೋವಿನ ಸಂಗತಿ, ಆದರೆ ಯಾರೂ ಮೋಸ ಮಾಡಲಿಲ್ಲ. ಮೊದಲ ಸ್ಥಾನಕ್ಕೆ ಯಾವ ಲಾಭವನ್ನೂ ಕಟ್ಟಿಕೊಡದ ರಚನೆಯಲ್ಲಿ ಹೀಗಾಗುವುದು ಸಹಜ. 2019–20ರಿಂದ ಲೀಗ್ ಅಗ್ರಸ್ಥಾನಕ್ಕೇ ಪ್ರತ್ಯೇಕ ಶೀಲ್ಡ್ ಕೊಡತೊಡಗಿದರು, ಮೊದಲ ಶೀಲ್ಡ್ ಗೋವಾದ್ದು. 2022–23ರಿಂದ ಆರು ತಂಡ ಪ್ಲೇಆಫ್‌ಗೆ, ಮೊದಲ ಇಬ್ಬರು ನೇರ ಸೆಮಿಫೈನಲ್‌ಗೆ. ಅಲ್ಲಿಂದ ಲೀಗಿನ ಕೊನೆಯ ವಾರಗಳಿಗೆ ಬೆಲೆ ಬಂತು.

ಎಷ್ಟು ಜನ ಪ್ಲೇಆಫ್‌ಗೆ ಹೋಗಬೇಕು ಎನ್ನುವುದಕ್ಕೆ ನನ್ನ ಮಿತಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ. ಅರ್ಧ ದಾಟಿದರೆ ಲೀಗ್ ಬರೀ ಶಾಸ್ತ್ರಕ್ಕೆ ಆಡಿದಂತೆ. ಅಮೆರಿಕದ ಎಂಎಲ್‌ಎಸ್‌ನಲ್ಲಿ 30ರಲ್ಲಿ 18 ತಂಡ ಪ್ಲೇಆಫ್ ತಲುಪುತ್ತವೆ, 34 ಪಂದ್ಯದ ದುಡಿಮೆಗೆ ಅದು ಬಹಳ ಅಗ್ಗವಾಯಿತು ಎಂದು ನನ್ನ ಭಾವನೆ. ಮೂರನೆಯ ಒಂದಕ್ಕಿಂತ ಕಡಿಮೆ ಮಾಡಿದರೆ ಅರ್ಧ ಸೀಸನ್ನಿಗೇ ಬಹುಪಾಲು ತಂಡಗಳ ಆಸೆ ಮುಗಿದಿರುತ್ತದೆ. ಎಂಟರಲ್ಲಿ ನಾಲ್ಕು ಅಂದರೆ ಮಿತಿಯ ಮೇಲಿನ ತುದಿ. ಇಲ್ಲಿ ಮೇಲಿನ ಇಬ್ಬರಿಗೆ ಗಟ್ಟಿಯಾದ ಲಾಭ ಬೇಕೇ ಬೇಕು.

ಆ ಲಾಭ ಕೊಡುವ ದಾರಿ ಕ್ರಿಕೆಟ್ ನೋಡುವ ಎಲ್ಲರಿಗೂ ಗೊತ್ತು. ಐಪಿಎಲ್ 2011ರಿಂದ ಬಳಸುತ್ತಿರುವ ಕ್ರಮ: 1 ಮತ್ತು 2ರ ನಡುವೆ ಕ್ವಾಲಿಫೈಯರ್ 1, ಗೆದ್ದವರು ಫೈನಲ್‌ಗೆ. 3 ಮತ್ತು 4ರ ನಡುವೆ ಎಲಿಮಿನೇಟರ್, ಸೋತವರು ಮನೆಗೆ. ಕ್ವಾಲಿಫೈಯರ್ 1ರಲ್ಲಿ ಸೋತವರಿಗೆ ಎಲಿಮಿನೇಟರ್ ಗೆದ್ದವರ ಜೊತೆ ಇನ್ನೊಂದು ಅವಕಾಶ. ಒಟ್ಟು ನಾಲ್ಕೇ ಪಂದ್ಯ. 2025ರಲ್ಲಿ ಆರ್‌ಸಿಬಿ ಕ್ವಾಲಿಫೈಯರ್ 1 ಗೆದ್ದು, ಅಲ್ಲಿ ಸೋತು ಎರಡನೆಯ ದಾರಿಯಲ್ಲಿ ಬಂದ ಪಂಜಾಬನ್ನೇ ಫೈನಲ್‌ನಲ್ಲಿ ಮತ್ತೆ ಸೋಲಿಸಿತು, ಪಟ್ಟಿಯ ಮೊದಲ ಇಬ್ಬರೇ ಕೊನೆಗೂ ಉಳಿದರು. ಹಾಗಂತ ಕೆಳಗಿನವರಿಗೆ ಬಾಗಿಲು ಮುಚ್ಚಿಲ್ಲ, 2016ರಲ್ಲಿ ಮೂರನೆಯ ಸ್ಥಾನದ ಹೈದರಾಬಾದ್ ಎಲಿಮಿನೇಟರ್ ಹಾದು ಬಂದು ಪ್ರಶಸ್ತಿ ಗೆದ್ದಿತು. ಫುಟ್‌ಬಾಲಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಎರಡನೆಯ ಸ್ಥಾನಕ್ಕೂ ಮೂರನೆಯದಕ್ಕೂ ಅಷ್ಟು ದೊಡ್ಡ ಅಂತರ ಸೃಷ್ಟಿಯಾಗುವುದರಿಂದ, ನಾಲ್ಕರೊಳಗೆ ಬಂದಾಯಿತಲ್ಲ ಎಂದು ಯಾರೂ ಕೊನೆಯ ಸುತ್ತಿನಲ್ಲಿ ಎರಡನೆಯ ಸಾಲಿನ ಆಟಗಾರರನ್ನು ಇಳಿಸುವುದಿಲ್ಲ.

ಪ್ಲೇಆಫ್ ಬೇಡ ಎನ್ನುವವರಿಗೆ ಸ್ಕಾಟ್ಲೆಂಡಿನ ದಾರಿ ಇದೆ. ಅಲ್ಲಿ 12 ತಂಡ 33 ಪಂದ್ಯದ ನಂತರ ಮೇಲಿನ ಆರು, ಕೆಳಗಿನ ಆರು ಎಂದು ಒಡೆದು, ತಮ್ಮ ತಮ್ಮೊಳಗೆ ಐದೈದು ಪಂದ್ಯ ಆಡುತ್ತವೆ, ಅಂಕ ಹಾಗೇ ಮುಂದುವರಿಯುತ್ತದೆ. ನಮ್ಮ ಎಂಟಕ್ಕೆ ಹೊಂದಿಸಿದರೆ 28ರ ಮೇಲೆ 6 ಮತ್ತು 6, ಒಟ್ಟು 40. ಮೀಸಲಿಗೆ ನಾಲ್ಕೇ ಸ್ಲಾಟ್ ಉಳಿಯುತ್ತದೆ, ಒಂದು ಮಳೆ ಬಂದರೆ ತಲೆನೋವು. ಬೆಲ್ಜಿಯಂನಲ್ಲಿ 2025–26ರವರೆಗೆ ಒಡೆದ ಮೇಲೆ ಅಂಕವನ್ನೂ ಅರ್ಧ ಮಾಡುತ್ತಿದ್ದರು. 2024–25ರಲ್ಲಿ 30 ಪಂದ್ಯ ಮುಗಿದಾಗ ಹೆಂಕ್ 68, ಮೂರನೆಯ ಯೂನಿಯನ್ 55. ಅರ್ಧ ಮಾಡಿದಾಗ 34 ಮತ್ತು 28, 13 ಅಂಕದ ಅಂತರ 6ಕ್ಕೆ ಕುಸಿಯಿತು. ಯೂನಿಯನ್ 1935ರ ನಂತರ ಮೊದಲ ಸಲ ಚಾಂಪಿಯನ್ ಆಯಿತು. ಕುತೂಹಲಕ್ಕೆ ಇದು ಒಳ್ಳೆಯದೇ. ಏಳೇ ಪಂದ್ಯದ ಲೀಗಿನಲ್ಲಿ ಅಂಕ ಅರ್ಧ ಮಾಡಿದರೆ ಮಾತ್ರ ಉಳಿಯುವುದು ಏನೂ ಇಲ್ಲ, ನಮಗೆ ಬೇಡ.

ದಿನಾಂಕಗಳ ಜೋಡಣೆ: ಮೊದಲ ನಾಲ್ಕು ವಾರಾಂತ್ಯ ನಾಲ್ಕು ಸುತ್ತು, ಐದನೆಯದು ಪೂರ್ತಿ ಖಾಲಿ, ಬಾಕಿ ಪಂದ್ಯಗಳಿಗೆ. ನಂತರ ಮೂರು ಸುತ್ತು. ಒಂಬತ್ತನೆಯ ವಾರ ಕ್ವಾಲಿಫೈಯರ್ 1 ಮತ್ತು ಎಲಿಮಿನೇಟರ್, ಹತ್ತನೆಯದು ಕ್ವಾಲಿಫೈಯರ್ 2, ಹನ್ನೊಂದನೆಯದು ಫೈನಲ್. ಶನಿವಾರ ಕ್ವಾಲಿಫೈಯರ್ 2 ಆಡಿಸಿ ಭಾನುವಾರ ಫೈನಲ್ ಇಡುವ ಕೆಟ್ಟ ಅಭ್ಯಾಸ ಬಿಡಬೇಕು. ಒಂದು ತಂಡ ವಾರ ಪೂರ್ತಿ ವಿಶ್ರಾಂತಿ ಪಡೆದಿರುತ್ತದೆ, ಇನ್ನೊಂದರ ಕಾಲು ಇನ್ನೂ ಬಿಗಿದಿರುತ್ತದೆ. ಕೊನೆಯ ಮೂರು ಸುತ್ತಿನಲ್ಲಿ ಮಳೆ ಬಂದರೆ ಒಂಬತ್ತನೆಯ ವಾರ ಬಾಕಿ ಪಂದ್ಯಕ್ಕೆ ಹೋಗುತ್ತದೆ, ಆಗ ಕ್ವಾಲಿಫೈಯರ್ 2 ಬುಧವಾರ ಬರಲೇಬೇಕು. ಆ ಸಾಧ್ಯತೆಯನ್ನು ತಂಡಗಳಿಗೆ ನವೆಂಬರಿನಲ್ಲೇ ಹೇಳಿದ್ದರೆ ಹುಡುಗರು ಶಿಫ್ಟ್ ಬದಲಿಸಿಕೊಳ್ಳುತ್ತಾರೆ.

ಬೆಳಕಿನ ವಿಷಯವನ್ನು ಪ್ಲೇಆಫ್‌ನಲ್ಲಿ ಮರೆತವರೇ ಹೆಚ್ಚು. 3:30ಕ್ಕೆ ಶುರುವಾದ ಪಂದ್ಯ 45, 15, 45 ನಿಮಿಷ, ಹೆಚ್ಚುವರಿ ಐದಾರು ನಿಮಿಷ ಸೇರಿ 5:20ರ ಹೊತ್ತಿಗೆ ಮುಗಿಯುತ್ತದೆ. ಸಮ ಆದರೆ ಎಕ್ಸ್‌ಟ್ರಾ ಟೈಮ್ 30 ನಿಮಿಷ, ನಡುವಿನ ವಿರಾಮ, ಪೆನಾಲ್ಟಿಗೆ 15 ನಿಮಿಷ. 6:15 ದಾಟುತ್ತದೆ. ಫ್ಲಡ್‌ಲೈಟ್ ಇಲ್ಲದ ಗ್ರೌಂಡಿನಲ್ಲಿ ಆ ಹೊತ್ತಿಗೆ ಗೋಲ್‌ಕೀಪರ್‌ಗೆ ಚೆಂಡು ಕಾಣುವುದು ಅನುಮಾನ. ಫೈನಲ್ 2:45ಕ್ಕೆ ಶುರು ಮಾಡಿ, ಎಕ್ಸ್‌ಟ್ರಾ ಟೈಮ್ ಇರಲಿ. ಉಳಿದ ಮೂರು ಪಂದ್ಯ 3ಕ್ಕೆ ಶುರು, ಸಮ ಆದರೆ ನೇರ ಪೆನಾಲ್ಟಿ. ಎಲಿಮಿನೇಟರ್‌ನಲ್ಲಿ ಮಾತ್ರ ಪೆನಾಲ್ಟಿಯೂ ಬೇಡ, ಸಮ ಆದರೆ ಮೂರನೆಯ ಸ್ಥಾನದವರು ಮುಂದಕ್ಕೆ ಎಂದು ಬರೆಯಬಹುದು. ಮೆಕ್ಸಿಕೊ ಲೀಗಿನ ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳಲ್ಲಿ ಸಮ ಆದಾಗ ಪಟ್ಟಿಯಲ್ಲಿ ಮೇಲಿದ್ದವರು ಹೋಗುತ್ತಾರೆ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ತರಲು ಇದಕ್ಕಿಂತ ಸರಳ ದಾರಿ ಕಾಣೆ.

ಅಗ್ರಸ್ಥಾನಕ್ಕೆ ಬೇರೆಯದೇ ಕಪ್ ಇಡಿ, ಫೈನಲ್‌ನ ಕಪ್ಪಿಗಿಂತ ಚಿಕ್ಕದಲ್ಲದ್ದು. 2024–25ರ ಚಾಂಪಿಯನ್ಸ್ ಲೀಗಿನ ಹೊಸ 36 ತಂಡಗಳ ಪಟ್ಟಿಯಲ್ಲಿ ಲಿವರ್‌ಪೂಲ್ ಮೊದಲನೆಯದಾಗಿ, 15ನೆಯದಾಗಿದ್ದ ಪಿಎಸ್‌ಜಿ ಎದುರು 16ರ ಘಟ್ಟದಲ್ಲೇ ಪೆನಾಲ್ಟಿಯಲ್ಲಿ ಸೋತಿತು. ಪಿಎಸ್‌ಜಿ ಕಪ್ ಎತ್ತಿತು. ಲಿವರ್‌ಪೂಲ್‌ಗೆ ಆ ಮೊದಲ ಸ್ಥಾನಕ್ಕೆ ಯಾವ ಕಪ್ಪೂ ದಕ್ಕಲಿಲ್ಲ.

ಮೊದಲ ಪಂದ್ಯಕ್ಕೆ ಮುಂಚೆ ಬರೆದಿಡಬೇಕಾದದ್ದು

ಅಂಕ ಸಮ ಆದರೆ ಮೊದಲು ಪರಸ್ಪರ ಪಂದ್ಯದ ಫಲಿತಾಂಶ, ಆಮೇಲೆ ಗೋಲ್ ಡಿಫರೆನ್ಸ್ (ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ಅಂತರ). ಇಂಗ್ಲೆಂಡಿನಲ್ಲಿ ಗೋಲ್ ಡಿಫರೆನ್ಸ್ ಮೊದಲು, ಸ್ಪೇನಿನಲ್ಲಿ ಪರಸ್ಪರ ಪಂದ್ಯ ಮೊದಲು. ಜಿಲ್ಲೆಯಲ್ಲಿ ಎಂಟು ಜನ ಬಂದ ತಂಡದ ಮೇಲೆ 11–0 ಹೊಡೆದು ಗೋಲ್ ಡಿಫರೆನ್ಸ್ ಊದಿಸಿಕೊಳ್ಳುವುದು ಸುಲಭ, ಹಾಗಾಗಿ ಸ್ಪೇನಿನ ಕ್ರಮವೇ ನಮಗೆ ಸರಿ. ಮೂರು ತಂಡ ಸಮ ಆದರೆ ಆ ಮೂವರ ನಡುವಿನ ಪಂದ್ಯಗಳಷ್ಟನ್ನೇ ತೆಗೆದು ಚಿಕ್ಕ ಪಟ್ಟಿ ಮಾಡಬೇಕು. ಅದರಲ್ಲಿ ಒಬ್ಬರು ಬೇರ್ಪಟ್ಟ ಮೇಲೆ ಉಳಿದ ಇಬ್ಬರಿಗೆ ಮತ್ತೆ ಪರಸ್ಪರ ಪಂದ್ಯ ನೋಡುವುದೋ, ಇಲ್ಲಾ ಮುಂದಿನ ಮಾನದಂಡಕ್ಕೆ ಹೋಗುವುದೋ ಎಂಬುದನ್ನೂ ಬರೆಯಿರಿ. ನಾಲ್ಕನೆಯ ಸ್ಥಾನಕ್ಕೆ ಇಬ್ಬರು ಸಮ ನಿಂತು, ಮೀಸಲು ಸ್ಲಾಟ್ ಉಳಿದಿದ್ದರೆ ಒಂದು ಪಂದ್ಯವನ್ನೇ ಆಡಿಸಬಹುದು. ಇಟಲಿಯಲ್ಲಿ 2022–23ರಲ್ಲಿ ಉಳಿವಿಗಾಗಿ ವೆರೋನಾ ಮತ್ತು ಸ್ಪೆಜಿಯಾ ಹೀಗೇ ಆಡಿದವು, ವೆರೋನಾ 3–1ರಲ್ಲಿ ಗೆದ್ದು ಉಳಿಯಿತು.

ತಂಡವೊಂದು ನಡುವೆ ಕೈಬಿಟ್ಟರೆ: ಮೂರು ಅಥವಾ ಕಡಿಮೆ ಪಂದ್ಯ ಆಡಿದ್ದರೆ ಅದರ ಎಲ್ಲ ಫಲಿತಾಂಶ ರದ್ದು. ನಾಲ್ಕು ಅಥವಾ ಹೆಚ್ಚು ಆಡಿದ್ದರೆ ಆಡಿದ್ದು ಉಳಿಯುತ್ತದೆ, ಬಾಕಿ 0–3. ಎರಡರಲ್ಲೂ ಯಾರಿಗೋ ನಷ್ಟ ಇದ್ದೇ ಇದೆ, ಅದಕ್ಕೇ ಯಾರಿಗೆ ನಷ್ಟ ಎಂದು ಗೊತ್ತಾಗುವ ಮುಂಚೆ ನಿಯಮ ಬರೆಯಬೇಕು. ಪ್ರವೇಶ ಶುಲ್ಕದ ಜೊತೆ ಠೇವಣಿ ಪಡೆದು, ವಾಕ್‌ಓವರ್ ಕೊಟ್ಟರೆ ಮುಟ್ಟುಗೋಲು ಹಾಕಿಕೊಳ್ಳಿ.

ಪ್ಲೇಆಫ್ ಹತ್ತಿರ ಬಂದಂತೆ ಬೆಂಗಳೂರಿನಿಂದ ಬಾಡಿಗೆ ಆಟಗಾರರನ್ನು ಕರೆಸುವುದು ಹಳೆಯ ರೋಗ. ನೋಂದಣಿ ನಾಲ್ಕನೆಯ ಸುತ್ತಿಗೆ ಮುಚ್ಚಲಿ, ಏಳರಲ್ಲಿ ಕನಿಷ್ಠ ಮೂರು ಲೀಗ್ ಪಂದ್ಯ ಆಡದವರಿಗೆ ಪ್ಲೇಆಫ್ ಇಲ್ಲ. ಆಧಾರ್ ನಕಲು, ಫೋಟೊ ಇರುವ ತಂಡದ ಪಟ್ಟಿ ಪ್ರತಿ ಪಂದ್ಯದಲ್ಲೂ ಮೇಜಿನ ಮೇಲಿರಲಿ. ಅರ್ಹತೆ ಇಲ್ಲದ ಆಟಗಾರನ ತಕರಾರಿಗೆ ಪಂದ್ಯ ಮುಗಿದ 24 ಗಂಟೆ ಗಡುವು, ತೀರ್ಪು ಮುಂದಿನ ಸುತ್ತಿನೊಳಗೆ. 2024–25ರ ಐ–ಲೀಗ್‌ನಲ್ಲಿ ಇಂಥದ್ದೇ ಒಂದು ತಕರಾರು ಸೀಸನ್ ಮುಗಿದ ಮೇಲೂ ಎಳೆದು, 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ತೀರ್ಪಿನಿಂದ ಪ್ರಶಸ್ತಿ ಚರ್ಚಿಲ್ ಬ್ರದರ್ಸ್ ಕೈಯಿಂದ ಇಂಟರ್ ಕಾಶಿಗೆ ಹೋಯಿತು.

ಹಳದಿ ಕಾರ್ಡಿನ ಮಿತಿಯೂ ಲೀಗಿನ ಉದ್ದಕ್ಕೆ ತಕ್ಕಂತಿರಬೇಕು. ಪ್ರೀಮಿಯರ್ ಲೀಗ್‌ನಲ್ಲಿ ಮೊದಲ 19 ಪಂದ್ಯದೊಳಗೆ ಐದು ಹಳದಿ ಆದರೆ ಒಂದು ಪಂದ್ಯ ಹೊರಗೆ. ಏಳು ಪಂದ್ಯಕ್ಕೆ ಐದು ಇಟ್ಟರೆ ಯಾರಿಗೂ ಹೆದರಿಕೆ ಇರುವುದಿಲ್ಲ. ಮೂರು ಇಡಿ, ಲೀಗ್ ಮುಗಿದ ರಾತ್ರಿ ಒಂದು ಎರಡು ಇರುವವರದ್ದು ಅಳಿಸಿ. ಕೊನೆಯ ಸುತ್ತಿನಲ್ಲಿ ಮೂರನೆಯದು ಪಡೆದವನು ಮಾತ್ರ ಪ್ಲೇಆಫ್‌ನ ಮೊದಲ ಪಂದ್ಯ ಕೂರುತ್ತಾನೆ.

ನಿಂತುಹೋದ ಪಂದ್ಯದ ನಿಯಮ ಕೊನೆಯದು. ಮಳೆಗೋ ಕತ್ತಲೆಗೋ 75ನೇ ನಿಮಿಷದ ನಂತರ ನಿಂತರೆ ಅಂದಿನ ಸ್ಕೋರೇ ಫಲಿತಾಂಶ, ಅದಕ್ಕೆ ಮುಂಚೆ ನಿಂತರೆ ಅದೇ ಸ್ಕೋರು, ಅದೇ ನಿಮಿಷದಿಂದ ಮೀಸಲು ವಾರದಲ್ಲಿ ಮುಂದುವರಿಕೆ. ಪ್ಲೇಆಫ್‌ಗೆ 75ರ ಮಿತಿ ಅನ್ವಯಿಸುವುದಿಲ್ಲ, ಅಲ್ಲಿ ಪೂರ್ತಿ ಆಡಿಯೇ ತೀರಬೇಕು. ಗಲಾಟೆಯಿಂದ ನಿಂತರೆ ಕಾರಣರಾದ ತಂಡಕ್ಕೆ 0–3. ಈ ಹಾಳೆಗೆ ಎಂಟೂ ತಂಡದ ಮ್ಯಾನೇಜರುಗಳ ಸಹಿ ಫಿಕ್ಸ್ಚರ್ ಹಂಚುವ ದಿನವೇ ಆಗಲಿ, ಒಂದು ಪ್ರತಿ ರೆಫ್ರಿಗಳ ಬಳಿ ಇರಲಿ.